ನಾನು ಅಳಿಸಿದ ಎಂಟನೇ ಹೆಜ್ಜೆ

ನಮ್ಮ ಯಜಮಾನರಿಗೆ ಉಪ್ಪಿಟ್ಟು ಮಾಡಲು ಬರುವುದಿಲ್ಲ ಎಂಬುದು ನಮ್ಮ ಮಾರೇನಹಳ್ಳಿಯ ಮನೆಯಲ್ಲಿ ಮೂವತ್ತು ವರ್ಷಗಳಿಂದ ಯಾರೂ ಪ್ರಶ್ನೆ ಮಾಡದ ಸಂಗತಿ. ಅದನ್ನು ಪ್ರಶ್ನೆ ಮಾಡುವ ಹುಚ್ಚು ನನಗೆ ಹಿಡಿದದ್ದು ಒಂದು ಸಾಫ್ಟ್‌ವೇರಿನ ದೆಸೆಯಿಂದ.

ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನೀರಿನ ಪಂಪುಗಳಿಗೆ ಹಾಕುವ ಮುಚ್ಚಳ ತಯಾರಿಸುತ್ತೇವೆ. ಸ್ಟೋರ್ಸು, ಮಾಲಿನ ತಪಾಸಣೆ, ಪತ್ರ ಟೈಪ್ ಮಾಡುವುದು, ಆಯುಧಪೂಜೆಗೆ ಬೂದುಗುಂಬಳಕಾಯಿ ತರಿಸುವುದು, ಎಲ್ಲ ನನ್ನ ತಲೆಗೇ. ಹಳೆಯ ಮಾಲೀಕರ ಕಾಲದಲ್ಲಿ ಸೇರಿದವಳು ನಾನು. ಈಗಿನ ಮಾಲೀಕ ಅವರ ಮಗ. ಅವನು ಚಡ್ಡಿ ಹಾಕಿಕೊಂಡು ಬಂದು, ನನ್ನ ಮೇಜಿನ ಪಂಚಿಂಗ್ ಮಶೀನಿನಿಂದ ಸಿಕ್ಕಸಿಕ್ಕ ಕಾಗದಕ್ಕೆಲ್ಲ ತೂತು ಮಾಡುತ್ತಿದ್ದುದನ್ನು ನೋಡಿದ್ದೇನೆ. ಈಗ ನಾಲ್ಕು ಜನರೆದುರು ನಾನು ಅವನನ್ನು ಸಾರ್ ಎನ್ನುತ್ತೇನೆ, ಅವನು ಎಲ್ಲರೆದುರೂ ನನ್ನನ್ನು ಆಂಟಿ ಎನ್ನುತ್ತಾನೆ.

ಒಂದು ದಿನ ಅವನು ಒಂದು ಟ್ಯಾಬ್ ತಂದು ನನ್ನ ಮುಂದಿಟ್ಟ.

"ಆಂಟಿ, ಇನ್ಮೇಲೆ ಎಲ್ಲಾ ಕೆಲಸಾನೂ ಸ್ಟೆಪ್ ಬೈ ಸ್ಟೆಪ್ ಇದ್ರಲ್ಲೇ ಇರತ್ತೆ. ಯಾರ್ ಬಂದ್ರೂ ನೋಡ್ಕೊಂಡ್ ಮಾಡ್ಬೋದು. ಪ್ರೊಸೆಸ್ ಮುಖ್ಯ, ಮನುಷ್ಯರಲ್ಲ."

"ಹಂಗಾದ್ರೆ ನಾನೇನು ಮೇಜಾ ಕುರ್ಚಿನಾ?"

"ನೀವು ಅಡ್ಮಿನ್ ಆಂಟಿ. ನೀವ್ ಒಪ್ಪಿದ್ರೇನೇ ಒಂದು ಸ್ಟೆಪ್ ಒಳಗ್ ಹೋಗೋದು, ನೀವ್ ಹೇಳಿದ್ರೇನೇ ಹೊರಗ್ ಬರೋದು."

ಈ ಮಾತು ನನಗೆ ಬಹಳ ಹಿಡಿಸಿತು. ಸುಳ್ಳೇಕೆ ಹೇಳಲಿ, ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಕತ್ತು ಮಾಮೂಲಿಗಿಂತ ಸ್ವಲ್ಪ ಎತ್ತರವೇ ಇತ್ತು.

ಆ ಸಾಫ್ಟ್‌ವೇರಿನ ಕೆಲಸ ಇಷ್ಟೇ. ಯಾರಾದರೂ ಮಾತಾಡಿಕೊಂಡು ಕೆಲಸ ಮಾಡುವಾಗ ಟ್ಯಾಬ್ ಅದನ್ನು ಚಿತ್ರೀಕರಿಸುತ್ತದೆ. ಆಮೇಲೆ ತಾನೇ ಅದನ್ನು ಹೆಜ್ಜೆ ಹೆಜ್ಜೆಯಾಗಿ ಕತ್ತರಿಸಿ, ಪ್ರತಿ ಹೆಜ್ಜೆಗೂ ಒಂದು ಫೋಟೋ, ಒಂದು ವಾಕ್ಯ ಕೊಡುತ್ತದೆ. ಕೆಲಸ ಮಾಡುವವರು ಒಂದು ಹೆಜ್ಜೆಗೆ ಟಿಕ್ ಹಾಕಿದರೆ ಮಾತ್ರ ಮುಂದಿನದು ತೆರೆಯುತ್ತದೆ. ಅಡ್ಮಿನ್ ಎನ್ನಿಸಿಕೊಂಡವರು ಏನಾದರೂ ತಿದ್ದಿದರೆ "ಬದಲಾವಣೆಗೆ ಕಾರಣ?" ಎಂದು ಕೇಳುತ್ತದೆ. ಅಲ್ಲಿ ಬರೆದದ್ದನ್ನು ಮಾತ್ರ ಯಾರೂ ಅಳಿಸುವ ಹಾಗಿಲ್ಲ.

ಮೊದಲು ಮನೆಯಲ್ಲೇ ಕೈ ಪಳಗಿಸಿಕೊಳ್ಳೋಣವೆಂದು ಭಾನುವಾರ ಉಪ್ಪಿಟ್ಟು ಮಾಡಿ ಚಿತ್ರೀಕರಿಸಿದೆ. ಹತ್ತೊಂಬತ್ತು ಹೆಜ್ಜೆಯಾಯಿತು. ಮರುದಿನ ಬೆಳಿಗ್ಗೆ ನಿವೃತ್ತರಾಗಿ ಆರಾಮಾಗಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರ ಕೈಗೆ ಟ್ಯಾಬ್ ಕೊಟ್ಟು, "ನೋಡ್ಕೊಂಡು ಮಾಡಿ, ನಂಗೆ ಸ್ನಾನಕ್ಕೆ ಹೊತ್ತಾಯ್ತು" ಎಂದೆ. ಸ್ನಾನ, ಪೂಜೆ ಮುಗಿಸಿ ಬಂದು ನೋಡುತ್ತೇನೆ, ಪುಣ್ಯಾತ್ಮರು ಬಾಣಲೆಯಲ್ಲಿ ಎಣ್ಣೆ, ಸಾಸಿವೆ ಹಾಕಿಕೊಂಡು ಸೌಟು ಹಿಡಿದು ನಿಂತಿದ್ದಾರೆ.

"ಸಾಸಿವೆ ಸಿಡಿಯೋವರೆಗೂ ಕಾಯಿರಿ ಅಂತ ಇದೆ. ಕಾಯ್ತಾ ಇದೀನಿ."

"ಒಲೆ ಹಚ್ಚಿಲ್ವಲ್ರೀ!"

"ಹಚ್ಚು ಅಂತ ಎಲ್ಲಿ ಬರ್ದಿದೀಯ? ತೋರ್ಸು."

ಹಣೆ ಹಣೆ ಚಚ್ಚಿಕೊಂಡೆ. ಆದರೆ ಅವರು ಹೇಳಿದ್ದು ನಿಜ, ಎಲ್ಲೂ ಬರೆದಿರಲಿಲ್ಲ. ಅವತ್ತು ಒಲೆ ಹಚ್ಚುವ ಹೆಜ್ಜೆ ಸೇರಿಸಿ ಇಪ್ಪತ್ತು ಮಾಡಿದೆ. ಇನ್ನು ಮೇಲೆ ನನ್ನ ಕಣ್ಣು ತಪ್ಪಿಸಿ ಒಂದು ಹೆಜ್ಜೆಯೂ ಹೋಗಲಾರದು ಎಂದು ಧೈರ್ಯವಾಗಿ ಕೆಲಸಕ್ಕೆ ಹೊರಟೆ.

ಕಾರ್ಖಾನೆಯಲ್ಲಿ ಮೊದಲ ಸರದಿ ನಮ್ಮ ಹಿರಿಯ ಫಿಟ್ಟರ್‌ದು. ಕೆಂಗೇರಿ ಉಪನಗರದ ಆಚೆ ನಮ್ಮದೊಂದು ಹೊಸ ಶೆಡ್ಡು ತಯಾರಾಗುತ್ತಿತ್ತು. ಅದನ್ನು ನೋಡಿಕೊಳ್ಳಲು ಅವರು ಅಲ್ಲಿಗೆ ಹೋಗುವವರಿದ್ದರು. ಅಷ್ಟರೊಳಗೆ ಮುಚ್ಚಳಕ್ಕೆ ರಬ್ಬರ್ ರಿಂಗ್ ಅಂಟಿಸುವ ಅವರ ಕೆಲಸ ಟ್ಯಾಬಿನೊಳಗೆ ಬರಬೇಕಿತ್ತು. ಇಪ್ಪತ್ತಾರು ವರ್ಷದಿಂದ ಅವರೊಬ್ಬರೇ ಮಾಡಿದ ಕೆಲಸ ಅದು. ಅವರ ಕೈಯ ಮುಚ್ಚಳ, ಸೋರಿಕೆ ನೋಡಲು ಗಾಳಿ ಕೊಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ, ಒಂದು ಗುಳ್ಳೆ ಬಿಟ್ಟಿದ್ದನ್ನು ನಾನು ಕಂಡಿಲ್ಲ.

ಅವತ್ತು ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆ ಬಾಚಿ, ವಿಭೂತಿ ಇಟ್ಟುಕೊಂಡು, ಮದುವೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ ನಿಂತುಬಿಟ್ಟರು.

"ಮಾತಾಡ್ಕೊಂಡ್ ಮಾಡಿ" ಎಂದೆ.

"ಏನ್ ಮಾತಾಡೋದು ಮೇಡಂ?"

"ಏನ್ ಮಾಡ್ತೀರೋ ಅದನ್ನೇ ಹೇಳಿ."

"ಕಾಣ್ತಾ ಇದೆಯಲ್ಲ."

ಅಂತೂ ಇಂತೂ ಬಾಯಿ ಬಿಡಿಸಿದೆ. ಮುಚ್ಚಳ ಒರೆಸಿದರು, ಉಪ್ಪುಕಾಗದದಿಂದ ಉಜ್ಜಿದರು, ಧೂಳು ತೆಗೆದರು, ರಿಂಗು ತಿರುಗಿಸಿ ನೋಡಿದರು. ಡಬ್ಬದಿಂದ ಹಳದಿ ಗೋಂದು ತೆಗೆದು ಮುಚ್ಚಳಕ್ಕೂ ರಿಂಗಿಗೂ ತೆಳುವಾಗಿ ಹಚ್ಚಿದರು. ಆ ಡಬ್ಬದ ಲೇಬಲ್ಲಿನ ಮೇಲೆ ಗೋಂದು ಸೋರಿ ಸೋರಿ ಅಕ್ಷರ ಕಾಣದೆ ಎಷ್ಟು ವರ್ಷವಾಯಿತೋ. ಇಪ್ಪತ್ತು ಜೊತೆ ಹೀಗೆ ಹಚ್ಚಿ ಸಾಲಾಗಿ ಇಟ್ಟರು. ಆಮೇಲೆ ಕೈ ಒರೆಸಿಕೊಂಡು, "ಈಗ ಕಾಫಿಗೆ ಹೋಗ್ಬೇಕು" ಎಂದು ಟ್ಯಾಬಿಗೆ ಹೇಳಿ, ಪಕ್ಕದ ಲೇಥ್ ಮಶೀನು ನಡೆಸುವವನನ್ನು ಕರೆದುಕೊಂಡು ಎದುರಿನ ದರ್ಶಿನಿಗೆ ಹೊರಟೇಬಿಟ್ಟರು. ಟ್ಯಾಬ್ ವಿಧೇಯವಾಗಿ ಖಾಲಿ ಸ್ಟೂಲನ್ನು ಚಿತ್ರೀಕರಿಸುತ್ತಾ ಕೂತಿತು.

ಈ ಕಾಫಿಯ ಮೇಲೆ ನನಗೆ ಹಳೆಯ ಸಿಟ್ಟಿತ್ತು. ದಿನಕ್ಕೆ ನಾಲ್ಕು ಸಲ! ಇಬ್ಬರೂ ಸೇರಿ ಒಂದು ಬೈಟು ಹೇಳುವುದು, ಅರ್ಧರ್ಧ ಲೋಟ ಹಿಡಿದು ಫುಟ್‌ಪಾತಿನಲ್ಲಿ ನಿಂತು ರಸ್ತೆ ನೋಡುವುದು. ಹಳೆಯ ಮಾಲೀಕರಿಗೆ ಎಷ್ಟೋ ಸಲ ದೂರು ಹೇಳಿದ್ದೆ, ಅವರು ನಕ್ಕು ಸುಮ್ಮನಾಗಿದ್ದರು.

ಫಿಟ್ಟರ್ ಬಾಯಿ ಒರೆಸಿಕೊಂಡು ಬಂದರು.

"ಅಲ್ರೀ, ರೆಕಾರ್ಡಿಂಗ್ ನಡೀತಿರೋವಾಗ್ಲೂ ಕಾಫೀನಾ?"

"ಈ ಕೆಲಸ ಹಂಗೇ ಮೇಡಂ. ಹಚ್ಚೋದು, ಕಾಫಿ ಕುಡ್ಯೋದು, ಬಂದು ಒತ್ತೋದು."

"ಯಾಕಂತೆ?"

"ನಂಗ್ ಕಲಿಸ್ದೋರು ಹಂಗೇ ಮಾಡ್ತಿದ್ರು."

"ಅವ್ರಿಗ್ಯಾರು ಹೇಳಿದ್ರು?"

"ಅದ್ ನಂಗೇನ್ ಗೊತ್ತು?" ಎಂದು ರಿಂಗು ಒತ್ತತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಅದನ್ನೂ ಹಾಕಿ ಮೇಡಂ" ಎಂದರು.

"ಹಾಕೋಣ ಹಾಕೋಣ" ಎಂದೆ, ಹಾಕುವುದಿಲ್ಲ ಎಂದು ಹೇಳುವ ದನಿಯಲ್ಲಿ.

ಸಂಜೆ ಸಾಫ್ಟ್‌ವೇರು ಎಲ್ಲವನ್ನೂ ಕತ್ತರಿಸಿ ಕೊಟ್ಟಿತು. ಏಳನೆಯದು, ಎರಡೂ ಕಡೆ ಗೋಂದು ಹಚ್ಚಿ. ಎಂಟನೆಯದು, ಕಾಫಿಗೆ ಹೋಗಿ. ಜೊತೆಗೆ ಖಾಲಿ ಸ್ಟೂಲಿನ ಫೋಟೋ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಇಷ್ಟು ವರ್ಷ ಯಾರಿಂದಲೂ ಆಗದ ಕೆಲಸ ಈಗ ನನ್ನ ಬೆರಳ ತುದಿಯಲ್ಲಿದೆ ಎಂದು ಹೊಳೆಯಿತು. ಅಳಿಸಿದೆ. "ಬದಲಾವಣೆಗೆ ಕಾರಣ?" ಎಂದು ಕೇಳಿತು. "ಅನಗತ್ಯ" ಎಂದು ಹೊಡೆದೆ. ಅಷ್ಟಕ್ಕೇ ಬಿಡದೆ, ಮುಂದಿನ ಹೆಜ್ಜೆಯಲ್ಲಿ "ರಿಂಗನ್ನು ಒತ್ತಿ" ಎಂದಿದ್ದ ಕಡೆ ನನ್ನದೊಂದು ಮಾತು ಸೇರಿಸಿ "ತಕ್ಷಣ ಒತ್ತಿ" ಮಾಡಿದೆ. ಅಬ್ಬಾ, ಆ ಸಂಜೆಯ ತೃಪ್ತಿ!

ಮುಂದಿನ ವಾರ ಫಿಟ್ಟರ್ ಹೊಸ ಶೆಡ್ಡಿಗೆ ಹೋದರು. ಅವರ ಸ್ಟೂಲಿನ ಮೇಲೆ ಬಂದು ಕೂತವಳು ಗದಗದ ಕಡೆಯ ಒಬ್ಬ ಹುಡುಗಿ.

ಇಪ್ಪತ್ತಮೂರರ ವಯಸ್ಸು. ಅನ್ನಪೂರ್ಣೇಶ್ವರಿ ನಗರದಲ್ಲಿ ದೂರದ ಸಂಬಂಧಿಕರ ಮನೆಯಲ್ಲಿದ್ದಳು. ಮೂರು ತಿಂಗಳ ಟ್ರಯಲ್ ಮೇಲೆ ಸೇರಿ ಎರಡೂವರೆ ತಿಂಗಳು ಮಹಡಿಯ ಮೇಲೆ ಪ್ಯಾಕಿಂಗ್‌ನಲ್ಲಿದ್ದಳು. ಊಟದ ಹೊತ್ತಿನಲ್ಲಿ ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಅವಳ ರೊಟ್ಟಿ, ಶೇಂಗಾ ಹಿಂಡಿ ಬದಲಾಗುತ್ತಿತ್ತು. ಹಾಗೆ ಕೂತಾಗಲೇ ಒಮ್ಮೆ ತನ್ನ ಕತೆ ಹೇಳಿದ್ದಳು. ಅವಳ ಅಪ್ಪನಿಗೆ ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ಅಂಗಡಿ. ಗೊತ್ತಿರುವವರ ಪೈಕಿ ಒಂದು ಗಂಡು ನೋಡಿಟ್ಟಿದ್ದರು.

"ಮೂರ್ ತಿಂಗಳ ಕೊಡು ಅಂತ ಅಪ್ಪಗ ಕೇಳ್ಕೊಂಡ ಬಂದೀನ್ರಿ ಅಕ್ಕಾರ. ಪರ್ಮನೆಂಟ್ ಆದ್ರ ಅಲ್ಲೇ ಇರು, ಆಗಲಿಲ್ಲಂದ್ರ ಸುಮ್ಮನ ಬಂದು ಮದುವಿ ಮಾಡ್ಕೋ ಅಂದಾನ."

"ಹುಡುಗ ಹೆಂಗಿದಾನೆ?"

"ಛಲೋ ಅದಾನ್ರಿ. ಆದ್ರ ಹೆಣ್ಮಕ್ಕಳು ಕೆಲಸಕ್ಕ ಹೋಗೂದು ಅವಂಗ ಬ್ಯಾಡಂತ." ರೊಟ್ಟಿ ಮುರಿದು, "ನನಗ ಬೇಕ್ರಿ" ಎಂದಳು.

ಆ ಮಾತು ನನ್ನ ಮನಸ್ಸಿಗೆ ತಾಗಿತ್ತು. ಈ ಹುಡುಗಿ ಗೆಲ್ಲಲಿ ಎಂದು ಅವತ್ತೇ ಅಂದುಕೊಂಡಿದ್ದೆ. ಮುಚ್ಚಳದ ಕೆಲಸಕ್ಕೆ ಅವಳ ಹೆಸರು ಹೇಳಿದವಳೂ ನಾನೇ.

ಮೊದಲ ದಿನ ಟ್ಯಾಬ್ ಮುಂದಿಟ್ಟುಕೊಂಡು ಶ್ರದ್ಧೆಯಿಂದ ಟಿಕ್ ಹಾಕುತ್ತಾ ಏಳನೇ ಹೆಜ್ಜೆಗೆ ಬಂದಳು. ಗೋಂದು ಹಚ್ಚಿ ಕೈ ತಡೆದು ನನ್ನ ಕಡೆ ನೋಡಿದಳು.

"ಅಕ್ಕಾರ, ಇದನ್ನ ಒಂಚೂರು ಆರಾಕ ಬಿಡೂದಿಲ್ಲೇನ್ರಿ?"

"ಟ್ಯಾಬಲ್ಲಿ ಏನಿದೆ?"

"ತಕ್ಷಣ ಒತ್ತಿ ಅಂತ ಐತ್ರಿ."

"ಮತ್ತೆ? ನಿನ್ ತಲೆ ಓಡಿಸ್ಬೇಡಮ್ಮ ತಾಯಿ. ಅದು ಹೇಳಿದಷ್ಟು ಮಾಡು ಸಾಕು."

"ಹೂಂನ್ರಿ" ಎಂದು ತಕ್ಷಣ ಒತ್ತಿದಳು.

ಆ ವಾರ ತೊಟ್ಟಿಯಲ್ಲಿ ಮುಳುಗಿಸಿದ ಮುಚ್ಚಳಗಳು ಎಣ್ಣೆಯಲ್ಲಿ ಬಿಟ್ಟ ಬೋಂಡಾದ ಹಾಗೆ ಗುಳ್ಳೆ ಬಿಟ್ಟವು. ಇಪ್ಪತ್ತರಲ್ಲಿ ಹದಿನೈದು ಸೋರಿಕೆ. ಮುಂದಿನ ವಾರವೂ ಅದೇ ಹಾಡು. ಇವಳು ಕೆಲಸ ಮಾಡದೆ ಬರೀ ಟಿಕ್ ಹಾಕುತ್ತಿದ್ದಾಳೆಂದು ಅನುಮಾನ ಬಂದು, ಅರ್ಧ ದಿನ ಪಕ್ಕದಲ್ಲೇ ಕೂತು ನೋಡಿದೆ. ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಫಿಟ್ಟರ್‌ಗೆ ಫೋನ್ ಮಾಡಿದೆ.

"ನಾನ್ ಮಾಡಿದ್ದೆಲ್ಲಾ ಹಾಕಿದೀರಲ್ಲ ಮೇಡಂ?"

"ಹಾಕಿದೀನಿ."

"ಹಂಗಾದ್ರೆ ಸೋರಬಾರ್ದು" ಎಂದು ಇಟ್ಟುಬಿಟ್ಟರು.

ಹಾಕಿದ್ದೇನೆ ಎಂದಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಅನ್ನಿಸಲಿಲ್ಲ. ಕಾಫಿಯನ್ನು ನಾನು ಹೆಜ್ಜೆ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲವಲ್ಲ!

ಮಾಲೀಕ ಗುರುವಾರ ನನ್ನ ಮೇಜಿನ ಹತ್ತಿರ ಬಂದ. "ಆಂಟಿ, ಪ್ರೊಸೆಸ್ ಕರೆಕ್ಟಾಗಿದೆ. ಹುಡುಗೀದೇ ಪ್ರಾಬ್ಲಮ್. ಶನಿವಾರ ಟ್ರಯಲ್ ಮುಗಿಯತ್ತೆ, ಬೇಡ ಅಂತ ಲೆಟರ್ ಟೈಪ್ ಮಾಡ್ಬಿಡಿ."

ಟೈಪ್ ಮಾಡಿದೆ. ನಾಲ್ಕು ಸಾಲಿನ ಪತ್ರಕ್ಕೆ ಎಂಟು ತಪ್ಪು ಹೊಡೆದೆ. ಪ್ರಿಂಟ್ ತೆಗೆದು ಡ್ರಾಯರಿನಲ್ಲಿ ಹಾಕುವಾಗ ಹುಡುಗಿ ಎದುರಿಗೇ ನಿಂತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಹದಿನೆಂಟು ಜನರ ಕಾರ್ಖಾನೆಯಲ್ಲಿ ಏನು ಮುಚ್ಚಿಡಲು ಸಾಧ್ಯ?

"ಅಕ್ಕಾರ, ಊರಿಗೆ ಟಿಕೆಟ್ ಮಾಡಿಸ್ಲೇನ್ರಿ?"

ಅಳಲಿಲ್ಲ, ಏನಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವವಳ ಹಾಗೆ ಕೇಳಿದಳು. ನನಗೆ ಹಟ ಬಂತು. ಟ್ಯಾಬಿನಲ್ಲಿರುವುದು ಸರಿ, ಅವಳು ಮಾಡುವುದೂ ಸರಿ, ಹಾಗಾದರೆ ನೀರಿಗೇನು ಹುಚ್ಚೇ? "ಇವತ್ತು ಬೇಡ, ಇರು" ಎಂದೆ.

ಶುಕ್ರವಾರ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ನಾನೇ ಆ ಸ್ಟೂಲಿನ ಮೇಲೆ ಕೂತೆ. ಮಾಲೀಕ, ಲೇಥಿನವನು, ಹುಡುಗಿ, ಎಲ್ಲ ಸುತ್ತ ನಿಂತರು. ಒಂದೊಂದೇ ಹೆಜ್ಜೆ ಜೋರಾಗಿ ಓದುತ್ತಾ ಐದು ಮುಚ್ಚಳ ಮಾಡಿದೆ. ಮೂರನೆಯದಕ್ಕೆ ಗೋಂದು ಹಚ್ಚಿ ಮುಗಿಸುವಷ್ಟರಲ್ಲಿ ಮನೆಯಿಂದ ಯಜಮಾನರ ಫೋನು. ಅವರು ಟ್ಯಾಬಿನ ಉಪ್ಪಿಟ್ಟಿನಿಂದ ಧೈರ್ಯ ತಂದುಕೊಂಡು ಸಾರಿಗೆ ಕೈ ಹಾಕಿದ್ದರು. ಅವರ ಹತ್ತಿರ ಮಾತು ಮುಗಿಸಿ ಉಳಿದದ್ದನ್ನು ಮಾಡಿ, ಐದನ್ನೂ ಸಾಲಾಗಿ ಇಟ್ಟೆ. ಊಟವಾದ ಮೇಲೆ ತೊಟ್ಟಿಗೆ ಮುಳುಗಿಸಿದೆವು.

ಒಂದು, ಗುಳ್ಳೆ. ಎರಡು, ಗುಳ್ಳೆ. ಮೂರು, ತೆಪ್ಪಗಿತ್ತು. ನಾಲ್ಕು, ಐದು, ಮತ್ತೆ ಗುಳ್ಳೆ.

"ಮೂರನೇದು ಲಕ್" ಎಂದ ಮಾಲೀಕ.

ಹುಡುಗಿ ತೊಟ್ಟಿಯನ್ನೇ ನೋಡುತ್ತಿದ್ದಳು. "ಲಕ್ ಅಲ್ರಿ" ಎಂದಳು. "ಮೂರನೇದ್ದು ಮಾಡೂವಾಗ ಅಕ್ಕಾರು ಜಗಳ ಆಡಾಕ್ಹತ್ತಿದ್ರು."

"ಜಗಳ ಎಲ್ಲೇ ಆಡ್ದೆ? ಮಾತಾಡಿದ್ನಪ್ಪ ಒಂದು ನಿಮಿಷ."

"ಹತ್ತ್ ನಿಮಿಷ ಆಗಿತ್ರಿ ಅಕ್ಕಾರ. ಉಪ್ಪಿನಿಂದ ಸುರು ಆಗಿ ನಿಮ್ಮ ಯಜಮಾನ್ರ ಅಕ್ಕನ ಮಟಾ ಹೋಗಿತ್ತು."

ಲೇಥಿನವನು ಕೆಮ್ಮಿದ. ನನ್ನ ಮುಖ ಕೆಂಪಾಯಿತು. ಆದರೆ ಅವಳು ನಗುತ್ತಿರಲಿಲ್ಲ.

"ಅಲ್ಲೀತನಾ ಗೋಂದು ಹಂಗ ಬಿಟ್ಟಿದ್ರಿ. ಆಮ್ಯಾಲೆ ಒತ್ತಿದ್ರಿ. ನಮ್ಮಪ್ಪ ಟ್ಯೂಬಿಗೆ ಪಂಚರ್ ಹಾಕೂವಾಗ ಸೊಲ್ಯೂಷನ್ ಹಚ್ಚಿ, ಒಂದು ಬೀಡಿ ಸೇದಿ, ಆಮ್ಯಾಲೆ ತುಂಡು ಅಂಟಸ್ತಾನ. ಹಸೀದ್ರಾಗ ಅಂಟಿಸಿದ್ರ ನಿಲ್ಲೂದಿಲ್ರಿ. ಮೊದಲನೇ ದಿನಾ ಕೇಳಿದ್ನೆಲ್ರಿ."

ಒಂದು ಬೀಡಿ. ಅರ್ಧ ಲೋಟ ಕಾಫಿ. ನನಗೆ ಖಾಲಿ ಸ್ಟೂಲಿನ ಫೋಟೋ ಕಣ್ಣಿಗೆ ಕಟ್ಟಿತು. ಮತ್ತೆ ಐದು ಮುಚ್ಚಳಕ್ಕೆ ಗೋಂದು ಹಚ್ಚಿ ಗಡಿಯಾರ ನೋಡುತ್ತಾ ಕೂತೆವು. ಎರಡು ನಿಮಿಷಕ್ಕೆ ಮಾಲೀಕ ಚಡಪಡಿಸಿದ. ಮೂರಕ್ಕೆ "ಸಾಕಲ್ವಾ ಆಂಟಿ?" ಎಂದ. ಹತ್ತು ನಿಮಿಷದ ಮೇಲೆ ಒತ್ತಿದೆವು. ಸಂಜೆ ತೊಟ್ಟಿಯಲ್ಲಿ ಐದೂ ಸದ್ದಿಲ್ಲದೆ ಮುಳುಗಿ ಕೂತವು.

ಮಾಲೀಕನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನಿಗೆ ಎಲ್ಲ ಹೇಳಿದೆ. ಕಾಫಿ ಅಳಿಸಿದ್ದು ನಾನು, ತಕ್ಷಣ ಎಂದು ಸೇರಿಸಿದ್ದೂ ನಾನು, ಹುಡುಗಿ ಕೇಳಿದಾಗ ಬಾಯಿ ಮುಚ್ಚಿಸಿದ್ದೂ ನಾನು. ಇಷ್ಟು ವರ್ಷದ ಸರ್ವಿಸಿನಲ್ಲಿ ತಪ್ಪು ನನ್ನದು ಎಂದು ನಾನು ಹೇಳಿದ್ದು ಅದೇ ಮೊದಲು. ಅಭ್ಯಾಸವಿಲ್ಲದ ಮಾತು, ಬಾಯಿಗೆ ಬರಲು ಕಷ್ಟಪಟ್ಟಿತು.

ಅವನು, "ಹತ್ತು ನಿಮಿಷ ಕಾಯಿರಿ ಅಂತ ಹಾಕ್ಬಿಡಿ ಆಂಟಿ. ಕಾಫಿ ಅಂತ ಬೇಡ, ಕಸ್ಟಮರ್ ನೋಡಿದ್ರೆ ನಗ್ತಾರೆ" ಎಂದ.

"ಹತ್ತು ನಿಮಿಷ ಕಾಯಿ ಅಂದ್ರೆ ಯಾರೂ ಕಾಯಲ್ಲ ಸಾರ್. ನೀವೇ ಮೂರು ನಿಮಿಷಕ್ಕೆ ಸಾಕು ಅಂದ್ರಿ. ಕಾಫಿಗ್ ಹೋಗು ಅಂದ್ರೆ ಹೋಗ್ಬೇಕು, ಕುಡೀಬೇಕು, ರೋಡ್ ದಾಟಿ ಬರ್ಬೇಕು. ನಗೋರು ನಗ್ಲಿ ಬಿಡಿ."

ಅವನು ಎದ್ದು ನನ್ನ ಜೊತೆ ನನ್ನ ಮೇಜಿನ ತನಕ ಬಂದ. ಡ್ರಾಯರಿನಿಂದ ಆ ಪತ್ರ ತೆಗೆದು, ಎರಡು ಮಡಿಕೆ ಮಡಿಚಿ, ನನ್ನ ಪಂಚಿಂಗ್ ಮಶೀನಿನಿಂದ ಅದರ ತುಂಬ ತೂತು ಮಾಡತೊಡಗಿದ. ಹಿಂದೆಯಾದರೆ ಕೈಯಿಂದ ಮಶೀನು ಕಿತ್ತುಕೊಳ್ಳುತ್ತಿದ್ದೆ, ಅವತ್ತು ಸುಮ್ಮನೆ ನೋಡಿದೆ.

ಟ್ಯಾಬ್ ತೆಗೆದು ಎಂಟನೇ ಹೆಜ್ಜೆಯನ್ನು ಮತ್ತೆ ಹಾಕಿದೆ, ತಕ್ಷಣವನ್ನು ತೆಗೆದೆ. "ಬದಲಾವಣೆಗೆ ಕಾರಣ?" ಎಂದು ಕೇಳಿತು. ಮೇಲೆ, ನಾನು ಹಿಂದೆ ಬರೆದ "ಅನಗತ್ಯ" ನನ್ನ ಹೆಸರಿನ ಪಕ್ಕದಲ್ಲಿ ಹಾಗೇ ಕೂತಿತ್ತು. ಅದರ ಕೆಳಗೆ ಬರೆದೆ: "ಇಬ್ಬರು ಹೇಳಿದ್ದರು. ನಾನು ಕೇಳಲಿಲ್ಲ."

ಶನಿವಾರ ಅವಳಿಗೆ ಪರ್ಮನೆಂಟ್ ಪತ್ರ ಕೊಟ್ಟೆ. ಅದನ್ನು ಓದಿ, ಮಡಿಚಿ, ಬ್ಯಾಗಿಗೆ ಹಾಕಿ ಬಂದು ಕೆಲಸಕ್ಕೆ ಕೂತಳು. ಇಪ್ಪತ್ತು ಜೊತೆಗೆ ಗೋಂದು ಹಚ್ಚಿದ ಮೇಲೆ ಅವಳನ್ನು ಕರೆದುಕೊಂಡು ಎದುರಿನ ದರ್ಶಿನಿಗೆ ಹೋದೆ. ಒಂದು ಬೈಟು ಹೇಳಿದೆ. ಕಾಫಿ ಅವಳಿಗೆ ರೂಢಿಯಿಲ್ಲ, ಚಹಾದವಳು. ಆದರೂ ಅರ್ಧ ಲೋಟ ಹಿಡಿದು ಫುಟ್‌ಪಾತಿನಲ್ಲಿ ನನ್ನ ಪಕ್ಕ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಬಸ್ಸುಗಳ ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಹಾಕಿದಳು.

"ಅಪ್ಪಾ, ಪರ್ಮನೆಂಟ್ ಆತು."

ಆ ಕಡೆ ಯಾವುದೋ ಸೈಕಲ್ ಬೆಲ್ಲಿನ ಸದ್ದು ಕೇಳಿಸಿತು.

"ಏನ್ ಕೆಲಸಾ?" ಎಂದಿತು ಕೊನೆಗೆ ಆ ದನಿ.

"ರಬ್ಬರಿಗೆ ಸೊಲ್ಯೂಷನ್ ಹಚ್ಚಿ ಅಂಟಸೂದು."

"ಆರಾಕ ಬಿಡ್ತೀಯಿಲ್ಲೋ?"

"ಬಿಡ್ತೀನಿ. ಈಗ ಅದಕ್ಕ ಹೊರಗ ನಿಂತೀನಿ."

ಹುಡುಗಿ ಫೋನನ್ನು ನನ್ನ ಕೈಗೆ ಕೊಟ್ಟು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಆ ಫೋನನ್ನೇ ನೋಡುತ್ತಿದ್ದೆ.

"ಆತು ಬಿಡು" ಎಂದರು ಅಪ್ಪ. "ಆ ಹುಡುಗನ ಮನಿಯವರಿಗೆ ನಾನ ಹೇಳ್ತೀನಿ."

ಫೋನ್ ಇಟ್ಟ ಮೇಲೆ ಅವಳು ಬಹಳ ಹೊತ್ತು ರಸ್ತೆ ನೋಡಿದಳು. ಕಣ್ಣು ಒರೆಸಿಕೊಂಡಳು, ಆಮೇಲೆ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಮುಖ ಕಿವಿಚಿದಳು. ನಾನು ಗಡಿಯಾರ ನೋಡಿದೆ. ಹನ್ನೊಂದು ನಿಮಿಷ ಆಗಿತ್ತು.

"ನಡಿಯಮ್ಮ," ಎಂದೆ, "ಒತ್ತೋ ಹೊತ್ತಾಯ್ತು."